ಚಂದದ ಫೋಟೋ ಹಿಂದಿನ ಕಣ್ಣೀರು

ಕಳೆದ ಮಾಗಿ ಚಳಿಯಲ್ಲಿ ಒಂದು ರಾತ್ರಿ. ಅವರೆಕಾಯಿ ಕಾಲ. ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದು, ಅವರೆಕಾಳಿನ ಸಾರು ಮಾಡಿದ್ದೆ. ಪಿ.ಯು.ಸಿ. ಓದುವ ನನ್ನ ಮಗಳಿಗೆ ಚಿಕ್ಕಂದಿನಿಂದ ಅಕ್ಕಿರೊಟ್ಟಿ ಎಂದರೆ ಪ್ರಾಣ. ಮೂರಕ್ಕೆ ಕಡಿಮೆ ತಿಂದವಳೇ ಅಲ್ಲ. ಆ ರಾತ್ರಿ ಅರ್ಧ ರೊಟ್ಟಿ ತಿಂದು, ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿ, "ಸಾಕಮ್ಮ, ಹಸಿವಿಲ್ಲ" ಎಂದು ಎದ್ದುಬಿಟ್ಟಳು.

ಹೊಟ್ಟೆ ಕೆಟ್ಟಿರಬೇಕೆಂದು ಜೀರಿಗೆ ಕಷಾಯ ಮಾಡಿಕೊಟ್ಟೆ. ಮಾರನೆಯ ದಿನವೂ ಅದೇ ಹಾಡು. ಕಾಲೇಜಿಗೆ ಕಟ್ಟಿಕೊಟ್ಟ ಡಬ್ಬಿ ಹಾಗೇ ಮರಳಿ ಬಂತು. ತಿಂಗಳೊಪ್ಪತ್ತಿನಲ್ಲಿ ಚೂಡಿದಾರ ಸಡಿಲವಾಯಿತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಒಂದು ದಿನ ಅವಳ ಮೇಜು ಒರೆಸುವಾಗ ಪುಸ್ತಕದೊಳಗಿಂದ ಒಂದು ಚೀಟಿ ಬಿತ್ತು. ದಿನವೂ ತಿಂದದ್ದರ ಲೆಕ್ಕ! "ಇಡ್ಲಿ 1, ಹಾಲು ಇಲ್ಲ, ಅನ್ನ ಎರಡು ತುತ್ತು." ಪಕ್ಕದಲ್ಲಿ ಸೊಂಟದ ಅಳತೆ, ಟೈಲರ್ ಅಂಗಡಿಯವರು ಬರೆದುಕೊಳ್ಳುವ ಹಾಗೆ.

"ಏನೇ ಇದು?" ಎಂದೆ.

ಮೊದಲು ಸಿಡುಕಿದಳು. ಆಮೇಲೆ ಅತ್ತಳು. ಕೊನೆಗೆ ಫೋನು ತೆಗೆದು ಒಂದು ಹುಡುಗಿಯ ಫೋಟೋ ತೋರಿಸಿದಳು. ತಾರಸಿಯ ಮೇಲೆ, ಸಂಜೆಬಿಸಿಲಿನಲ್ಲಿ, ತೆಳ್ಳನೆಯ ಸೀರೆ, ಹಿಡಿಯಷ್ಟು ಸೊಂಟ. "ನೋಡಮ್ಮ, ಇವಳು ಹೇಗಿದ್ದಾಳೆ, ನಾನು ಹೇಗಿದ್ದೀನಿ."

ಬೈಯಬೇಕೆಂದು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ವಾರ ನಮ್ಮ ಮನೆಗೆ ಬಂದ ಒಂದು ಕಥೆ ಹೇಳಿಬಿಡುತ್ತೇನೆ. ಸಂಕ್ರಾಂತಿಗೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮನ ಮಗ ವಿಷಯ ತಿಳಿದು, "ಅತ್ತೆ, ಇವಳಿಗೆ ಬುದ್ಧಿ ಹೇಳಬೇಡಿ, ಈ ಹುಡುಗಿಯ ಕಥೆ ಹೇಳೋಣ" ಎಂದು ಇಂಗ್ಲಿಷಿನಲ್ಲಿದ್ದುದನ್ನು ನಮ್ಮಿಬ್ಬರಿಗೂ ಕನ್ನಡದಲ್ಲಿ ಬಿಡಿಸಿ ಹೇಳಿದ.

ಆಸ್ಟ್ರೇಲಿಯಾದ ಹುಡುಗಿ

ಹೆಸರು ಎಸೆನಾ ಓನೀಲ್. ಆಸ್ಟ್ರೇಲಿಯಾ ದೇಶದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸಮುದ್ರತೀರದವಳು. 2015ರಲ್ಲಿ ಅವಳಿಗೆ 18 ವರ್ಷ. ಚಿನ್ನದ ಬಣ್ಣದ ಕೂದಲು, ನೀಳ ಮೈಕಟ್ಟು. ಇನ್‌ಸ್ಟಾಗ್ರಾಂನಲ್ಲಿ ಅವಳು ಹಾಕುತ್ತಿದ್ದ ಫೋಟೋಗಳನ್ನು ನೋಡಲು 6 ಲಕ್ಷಕ್ಕೂ ಹೆಚ್ಚು ಮಂದಿ ಅವಳನ್ನು ಹಿಂಬಾಲಿಸುತ್ತಿದ್ದರು. ನಮ್ಮಂಥ ಸಣ್ಣ ಊರುಗಳನ್ನು ಹತ್ತಾರು ಸೇರಿಸಿದರೂ ಅಷ್ಟು ಜನ ಆಗಲಿಕ್ಕಿಲ್ಲ!

ಇಂಥವರನ್ನು ಇನ್‌ಫ್ಲುಯೆನ್ಸರ್ ಎನ್ನುತ್ತಾರೆ. ಮಾತಿನಿಂದ, ಉಡುಗೆ ತೊಡುಗೆಯಿಂದ ನೋಡುವವರ ಮನಸ್ಸನ್ನು ತಮ್ಮ ಕಡೆ ಸೆಳೆಯುವವರು. ನಾವು ಚಿಕ್ಕವರಿದ್ದಾಗ ದೂರದರ್ಶನದಲ್ಲಿ ಸಿನಿಮಾ ತಾರೆಯರು ಸೋಪು ಹಿಡಿದು ಬರುತ್ತಿದ್ದರಲ್ಲ, ಅದು ಜಾಹೀರಾತು ಎಂದು ನಮಗೆ ಗೊತ್ತಿತ್ತು. ಜಾಹೀರಾತು ಬಂದಾಗ ಎದ್ದು ಒಲೆಯ ಮೇಲಿನ ಹಾಲು ನೋಡಿ ಬರುತ್ತಿದ್ದೆವು. ಈ ಹುಡುಗಿಯರು ಹಾಗಲ್ಲ. ಪಕ್ಕದ ಮನೆಯ ಗೆಳತಿ ಕಾಂಪೌಂಡ್ ಗೋಡೆಯ ಮೇಲಿಂದ ಮಾತಾಡಿಸಿದ ಹಾಗೆ ಮಾತಾಡಿಸುತ್ತಾರೆ. "ನೋಡೇ, ಇವತ್ತು ಇದು ಹಾಕ್ಕೊಂಡೆ, ಇದು ತಿಂದೆ, ಇಲ್ಲಿಗೆ ಹೋಗಿದ್ದೆ." ಗೆಳತಿಯ ಮಾತಿಗೆ ಯಾರಾದರೂ ಅನುಮಾನ ಪಡುತ್ತಾರೆಯೆ?

ಒಂದು ಫೋಟೋದಲ್ಲಿ ಎಸೆನಾ ಬಿಸಿಲಿನಲ್ಲಿ ಮಲಗಿ ಓದುತ್ತಿರುವ ಹಾಗೆ ಇತ್ತು. ಮನೆಯಲ್ಲಿ ಗಣಿತ, ಇಂಗ್ಲಿಷ್ ಓದಿನ ಗದ್ದಲ ಎಂದು ಕೆಳಗೆ ಒಕ್ಕಣೆ. ನೋಡಿದವರಿಗೆ ಏನನ್ನಿಸಬೇಕು? ಪರೀಕ್ಷೆಗೆ ಓದುವಾಗಲೂ ಈ ಹುಡುಗಿ ಅಪ್ಸರೆ, ನಾವು ಮಾತ್ರ ಎಣ್ಣೆಮುಖ, ಹರಕಲು ನೈಟಿ!

ಒಂದು ಫೋಟೋಗೆ ನೂರು ಫೋಟೋ

2015ರ ಅಕ್ಟೋಬರ್ 27ರಂದು ಇದೇ ಹುಡುಗಿ ಯಾರೂ ನೆನೆಸದ ಕೆಲಸ ಮಾಡಿದಳು. ತನ್ನ 2,000ಕ್ಕೂ ಹೆಚ್ಚು ಫೋಟೋಗಳನ್ನು ಅಳಿಸಿಹಾಕಿದಳು. ತೊಂಬತ್ತಾರನ್ನು ಮಾತ್ರ ಉಳಿಸಿಕೊಂಡು ಅವುಗಳ ಕೆಳಗಿನ ಒಕ್ಕಣೆ ಬದಲಿಸಿದಳು. ಅಂದು ನಿಜವಾಗಿ ಏನು ನಡೆದಿತ್ತೋ ಅದನ್ನೇ ಬರೆದಳು. ತನ್ನ ಪುಟದ ಹೆಸರನ್ನೂ ಬದಲಿಸಿದಳು: ಇಲ್ಲಿ ಕಾಣುವುದು ನಿಜವಾದ ಬದುಕಲ್ಲ ಎಂಬ ಅರ್ಥದ ಹೆಸರು.

ಓದುವ ಫೋಟೋದ ನಿಜವೇನು? ಹೊಟ್ಟೆಯನ್ನು ಉಸಿರು ಕಟ್ಟಿ ಒಳಗೆಳೆದುಕೊಂಡು, ಬೇಕೆಂದೇ ಮೈ ತಿರುಗಿಸಿ ತೆಗೆಸಿಕೊಂಡದ್ದು. ಎಲ್ಲರಿಗೂ ತಮ್ಮವಳು ಅನ್ನಿಸಲಿ ಎಂದು ಓದಿನ ಮಾತು ಬರೆದದ್ದು.

ಸಮುದ್ರ ದಂಡೆಯ ಇನ್ನೊಂದು ಫೋಟೋ. ನೋಡಿದರೆ ಗಾಳಿಗೆ ಬಂದವಳು ಸುಮ್ಮನೆ ನಕ್ಕ ಹಾಗಿದೆ. ಆದರೆ ಹೊಟ್ಟೆ ಚಪ್ಪಟೆಯಾಗಿ ಕಾಣಲೆಂದು ಒಂದೇ ಭಂಗಿಯಲ್ಲಿ ನೂರಕ್ಕೂ ಹೆಚ್ಚು ಫೋಟೋ ತೆಗೆಸಿದ್ದಳಂತೆ. ಅಂದು ಸರಿಯಾಗಿ ಊಟವನ್ನೇ ಮಾಡಿರಲಿಕ್ಕಿಲ್ಲ ಎಂದು ಅವಳೇ ಬರೆದಳು. ಫೋಟೋ ತೆಗೆಯುತ್ತಿದ್ದವಳು ಅವಳ ಪುಟ್ಟ ತಂಗಿ. ತನಗೆ ಒಪ್ಪಿಗೆಯಾಗುವ ತನಕ ತೆಗೀತಾನೇ ಇರು ಎಂದು ಆ ಮಗುವಿನ ಮೇಲೆ ಕೂಗಾಡಿರಬೇಕು ಎಂದೂ ಬರೆದಳು.

ಸೋದರಿಯರೇ, ಕಥೆ ಕೇಳುತ್ತಿದ್ದ ನನ್ನ ಕೈ ಅಲ್ಲಿಗೆ ನಿಂತಿತು. ಅವರೆಕಾಳು ಹಿತುಕುತ್ತಿದ್ದೆ. ಆ ತಂಗಿ ಫೋಟೋದಲ್ಲಿ ಇಲ್ಲ. ಅವಳು ಕ್ಯಾಮರಾದ ಈಚೆ, ಅಕ್ಕನ ಬೈಗುಳ ತಿನ್ನುತ್ತಾ ನಿಂತಿದ್ದಳು. ಆರು ಲಕ್ಷ ಜನ ನೋಡಿದ್ದು ಅಕ್ಕನ ನಗುವನ್ನು.

ಇನ್ನೊಂದು ಫೋಟೋದಲ್ಲಿ ಮುಖ ಹೊಳೆಯುತ್ತಿದೆ. ಮೊಡವೆ ಮುಚ್ಚಲು ಪದರ ಪದರವಾಗಿ ಬಣ್ಣ ಹಚ್ಚಿದ್ದೆ ಎಂದಳು. ಪಾರ್ಟಿಗೆ ಉದ್ದ ಗೌನು ತೊಟ್ಟ ಫೋಟೋ ಒಂದಿತ್ತು. ಆ ಗೌನಿಗೆ ದುಡ್ಡು ಕೊಟ್ಟವಳು ತಾನಲ್ಲ, ಲೆಕ್ಕವಿಲ್ಲದಷ್ಟು ಫೋಟೋ ತೆಗೆಸಿಕೊಂಡೆ, ಅಂದು ಅಷ್ಟು ಜನರ ನಡುವೆಯೂ ತೀರಾ ಒಂಟಿ ಅನ್ನಿಸಿತು ಎಂದಳು. ಬೇರೊಂದು ಫೋಟೋದ ಕೆಳಗೆ, ಅಂದು ತನಗೆ ಸಂತೋಷ ಕೊಟ್ಟದ್ದು ಈ ಫೋಟೋ ಒಂದೇ, ಎಂಥ ದುಃಖದ ಸಂಗತಿ ಎಂದು ಬರೆದಳು. ಹಸಿದುಕೊಂಡು ಮೈ ದಂಡಿಸುವ 15 ವರ್ಷದ ಹುಡುಗಿ ಯಾರಿಗೂ ಆದರ್ಶವಾಗಬಾರದು ಎಂದೂ ಹೇಳಿದಳು.

ನನ್ನ ಮಗಳು ಆಗ ತಲೆ ಎತ್ತಿದಳು. "ಅವಳೂ ಊಟ ಬಿಡ್ತಿದ್ಲಾ?" ಎಂದು ಮೆಲ್ಲಗೆ ಕೇಳಿದಳು.

ಬಟ್ಟೆ ಯಾರದು, ದುಡ್ಡು ಯಾರದು?

ಇದೆಲ್ಲ ಯಾಕಾಗಿ ಎನ್ನುವಿರಾ? ಒಂದು ಕಾರಣ ಮನಸ್ಸಿನ ಹಸಿವು. 12 ವರ್ಷದವಳಿದ್ದಾಗಲೇ, ತಾನು ಚೆಲುವೆಯಲ್ಲ, ನಾಲ್ಕು ಜನರ ಮೆಚ್ಚುಗೆ ತನಗಿಲ್ಲ, ಆದ್ದರಿಂದ ತನಗೆ ಬೆಲೆಯಿಲ್ಲ ಎಂದು ಎಸೆನಾ ಅಂದುಕೊಂಡಿದ್ದಳಂತೆ. ಆಗ ಅವಳೂ ಬೇರೆ ಹುಡುಗಿಯರ ಚಂದದ ಫೋಟೋ ನೋಡುತ್ತಾ ಗಂಟೆಗಟ್ಟಲೆ ಕೂತವಳೇ. ನಮ್ಮ ಮಕ್ಕಳು ಈಗ ಕೂತಿರುವ ಹಾಗೆ!

ಇನ್ನೊಂದು ಕಾರಣ ದುಡ್ಡು. ಒಂದು ಉಡುಪು ತೊಟ್ಟು ಫೋಟೋ ಹಾಕಿದ್ದಕ್ಕೆ ಅವಳಿಗೆ 400 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತ್ತು. ಆಗಿನ ನಮ್ಮ ಲೆಕ್ಕದಲ್ಲಿ 18 ಸಾವಿರ ರೂಪಾಯಿಗೂ ಹೆಚ್ಚು. ಹಿಂಬಾಲಿಸುವವರು ಐದು ಲಕ್ಷ ದಾಟಿದರೆ ಒಂದೇ ಫೋಟೋಗೆ 2,000 ಡಾಲರ್ ತನಕ, ಎಂದರೆ 90 ಸಾವಿರ ರೂಪಾಯಿಗೂ ಮೇಲೆ, ಕೊಡುವ ಕಂಪನಿಗಳುಂಟು ಎಂದು ಅವಳು ಬಯಲು ಮಾಡಿದಳು. ಅಂದು ಬೆಳಗ್ಗೆ ಸಮುದ್ರಕ್ಕೆ ಹೋದದ್ದೇ ಈಜುಡುಗೆ ಕಂಪನಿ ದುಡ್ಡು ಕೊಟ್ಟಿತ್ತೆಂದು, ಗಾಳಿಗೂ ಅಲ್ಲ, ನೀರಿಗೂ ಅಲ್ಲ ಎಂದು ಮತ್ತೊಂದು ಫೋಟೋದ ಕೆಳಗೆ ಬರೆದಳು.

ದುಡಿದು ದುಡ್ಡು ತೆಗೆದುಕೊಳ್ಳುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಸೀರೆ ಹರಡಿ ತೋರಿಸುವವರೂ ಸಂಬಳಕ್ಕೇ ದುಡಿಯುತ್ತಾರೆ. ಆದರೆ ಅವರು ನಮ್ಮ ಗೆಳತಿಯ ವೇಷ ಹಾಕಿಕೊಂಡು ಬರುವುದಿಲ್ಲ, ಅಷ್ಟೆ.

ನಿಜ ಹೇಳಿದ ಮೇಲೆ

ನಿಜ ಹೇಳಿದ ಮೇಲಾದರೂ ಆ ಹುಡುಗಿಗೆ ನೆಮ್ಮದಿ ಸಿಕ್ಕಿತೆ? ಅಷ್ಟು ಸುಲಭವಾಗಿರಲಿಲ್ಲ. ಮುಖಕ್ಕೆ ಏನೂ ಹಚ್ಚದೆ, ಅಳುತ್ತಲೇ ಒಂದು ವೀಡಿಯೋ ಮಾಡಿದಳು. ಅದು ಪ್ರಪಂಚವನ್ನೇ ಸುತ್ತಿತು. ಎಷ್ಟೋ ಜನ ಮೆಚ್ಚಿದರು. ಆದರೆ ಅವಳ ಸಂಪಾದನೆಯೂ ಆ ಫೋಟೋಗಳೊಂದಿಗೇ ಹೋಗಿತ್ತು. ತನ್ನ ಖರ್ಚಿಗೇ ದುಡ್ಡಿಲ್ಲ, ನಾನು ಹೇಳಿದ್ದು ಉಪಯೋಗ ಅನ್ನಿಸಿದರೆ ಸಹಾಯ ಮಾಡಿ ಎಂದು ಕೇಳಿದಳು. ಅದಕ್ಕೆ ಹಲವರು ಹಂಗಿಸಿದರು. ಅವಳ ಹಿಂದಿನ ಗೆಳತಿಯರಾದ ಅಮೆರಿಕದ ಅವಳಿ ಸೋದರಿಯರಿಬ್ಬರು, ಇದೂ ಹೆಸರು ಮಾಡುವ ನಾಟಕವೇ ಎಂದು ವೀಡಿಯೋ ಹಾಕಿದರು. ಕೊನೆಗೆ ತನ್ನ ಪುಟಗಳನ್ನೆಲ್ಲ ಮುಚ್ಚಿ ಅವಳು ಮರೆಗೆ ಸರಿದಳು.

ನನಗೆ ಅವಳ ಮೇಲೆ ಕೋಪ ಬರಲಿಲ್ಲ. 18 ವರ್ಷ ಎಂದರೆ ನಮ್ಮ ಮನೆಯ ಮಗುವಿನ ವಯಸ್ಸು. ನಕ್ಕಾಗ ಆರು ಲಕ್ಷ ಜನ ಇದ್ದರು. ಅತ್ತಾಗ ಅನುಮಾನ ಪಟ್ಟರು.

ನನ್ನ ತಪ್ಪು

ಈಗ ಮೊದಲೇ ಹೇಳಿದ ಕಾರಣಕ್ಕೆ ಬರುತ್ತೇನೆ. ಮಗಳನ್ನು ಬೈಯಲು ನನಗೆ ಬಾಯಿ ಯಾಕೆ ಬರಲಿಲ್ಲ?

ಹಿಂದಿನ ವರ್ಷ ನೆಂಟರ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ, ಹತ್ತು ಜನರ ಎದುರು ನಾನೇ ನಕ್ಕು ಹೇಳಿದ್ದೆ: "ನಮ್ಮವಳಿಗೆ ಇನ್ನೊಂದು ಒಬ್ಬಟ್ಟು ಬೇಡ, ಈಗಲೇ ಡ್ರಮ್ಮಿನ ಹಾಗಾಗಿದ್ದಾಳೆ." ಎದುರು ಮನೆಯ ಹುಡುಗಿಯನ್ನು ತೋರಿಸಿ, "ನೋಡು, ಬಳ್ಳಿ ಹಾಗಿದ್ದಾಳೆ" ಎಂದು ಎಷ್ಟು ಸಲ ಹೇಳಿಲ್ಲ! ಫೋನಿನ ಹುಡುಗಿ ಅವಳ ಎದುರು ಬರುವ ಮೊದಲೇ ನಾನು ಬೀಜ ಬಿತ್ತಿಯಾಗಿತ್ತು.

ಅಷ್ಟೇ ಅಲ್ಲ. ಆ ವರ್ಷದ ವರಮಹಾಲಕ್ಷ್ಮಿ ಹಬ್ಬದ ದಿನ. ಬೆಳಗ್ಗೆ ಹೊಸ ಸೀರೆಯ ದುಡ್ಡಿನ ವಿಷಯಕ್ಕೆ ನನಗೂ ನಮ್ಮ ಯಜಮಾನರಿಗೂ ಮಾತಿಗೆ ಮಾತು ಬೆಳೆದು, ಅವರು ತಿಂಡಿ ತಿನ್ನದೆ ಅಂಗಡಿಗೆ ಹೋದರು. ಅತ್ತು ಅತ್ತು ನನ್ನ ಮುಖ ಊದಿತ್ತು. ಮುಸುರೆ ಪಾತ್ರೆಗಳನ್ನೆಲ್ಲ ಬಚ್ಚಲಿಗೆ ತಳ್ಳಿದೆ. ಒಣಗಿಸಿದ ಬಟ್ಟೆಯ ರಾಶಿಯನ್ನು ಮಂಚದ ಮೇಲೆ ಸುರಿದು ಬಾಗಿಲು ಎಳೆದೆ. ಮುಖಕ್ಕೆ ಪೌಡರ್ ಹಚ್ಚಿ, ದೇವಿಯ ಮುಂದೆ ಕೂತು, ಮಗಳ ಕೈಗೆ ಫೋನು ಕೊಟ್ಟೆ. ಇಪ್ಪತ್ತು ಫೋಟೋ ತೆಗೆಸಿದೆ. "ಕೈ ಅಲ್ಲಾಡಿಸಬೇಡವೇ, ಅಷ್ಟೂ ಬರಲ್ವಾ ನಿಂಗೆ?" ಎಂದು ಹಬ್ಬದ ದಿನವೇ ಕೂಗಾಡಿದೆ. ಆ ಹುಡುಗಿ ಉಪವಾಸವಿತ್ತು, ಪಾಪ.

ಅದರಲ್ಲಿ ಒಂದನ್ನು ಆರಿಸಿ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆ. "ಎಷ್ಟು ಲಕ್ಷಣವಾಗಿದೆ!" "ಸಾಕ್ಷಾತ್ ಲಕ್ಷ್ಮಿ ಮನೆಯಲ್ಲೇ ಇದ್ದಾಳೆ!" ಮಧ್ಯಾಹ್ನದ ತನಕ ನೋಡಿ ನೋಡಿ ಹಿಗ್ಗಿದೆ. ಸಂಜೆ ನನ್ನ ಚಿಕ್ಕಮ್ಮನ ಮಗಳು ಫೋನು ಮಾಡಿ, "ಅಕ್ಕಾ, ನಿಮ್ಮನೆ ಹಬ್ಬ ನೋಡಿ ನಮ್ಮನೆ ಮೇಲೆ ಬೇಜಾರಾಗಿಹೋಯ್ತು" ಎಂದಳು. ನಾನು ನಕ್ಕು ಸುಮ್ಮನಾದೆ. ಬೆಳಗಿನ ಜಗಳದ ಮಾತು ಎತ್ತಲಿಲ್ಲ.

ಆಸ್ಟ್ರೇಲಿಯಾದ ಆ ಪುಟ್ಟ ತಂಗಿಯ ಕಥೆ ಕೇಳಿದಾಗ ನನ್ನ ಕೈ ಯಾಕೆ ನಿಂತಿತು ಎಂದು ಈಗ ಗೊತ್ತಾಯಿತಷ್ಟೆ? ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ನಾನೂ ಇನ್ನೊಬ್ಬರಿಗೆ ದೂರದ ಬೆಟ್ಟವಾಗಿದ್ದೆ.

ಕಾನೂನು ಏನು ಹೇಳುತ್ತದೆ?

ಇದು ಬರೀ ಹೆಂಗಸರ ಹೊಟ್ಟೆಕಿಚ್ಚಿನ ಮಾತಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇನ್‌ಸ್ಟಾಗ್ರಾಂನ ಮಾಲೀಕ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಹೊರಗೆಡವಿತು. ತಮ್ಮ ಮೈಯ ಬಗ್ಗೆ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 32 ಮಂದಿ, ಇನ್‌ಸ್ಟಾಗ್ರಾಂ ನೋಡಿದರೆ ಆ ಬೇಸರ ಇನ್ನೂ ಹೆಚ್ಚುತ್ತದೆ ಎಂದು ಕಂಪನಿಯವರಿಗೇ ಹೇಳಿದ್ದರು.

ನಾರ್ವೆ ದೇಶದಲ್ಲಿ 2022ರ ಜುಲೈನಿಂದ, ಜಾಹೀರಾತಿನ ಫೋಟೋದಲ್ಲಿ ಮೈಕಟ್ಟು ತಿದ್ದಿದ್ದರೆ ತಿದ್ದಿದೆ ಎಂದು ಗುರುತು ಹಾಕಲೇಬೇಕು. ಫ್ರಾನ್ಸ್ 2023ರಲ್ಲಿ ಇನ್‌ಫ್ಲುಯೆನ್ಸರುಗಳಿಗೆಂದೇ ಇಂಥ ಕಾನೂನು ತಂದಿತು. ಎಸೆನಾಳ ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷ ತುಂಬದ ಮಕ್ಕಳು ಇನ್‌ಸ್ಟಾಗ್ರಾಂನಂಥವುಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ಜಾರಿಗೆ ಬಂತು.

ನಮ್ಮ ದೇಶದಲ್ಲೂ ನಿಯಮವಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ ಸೂಚನೆ ಹೊರಡಿಸಿತು. ದುಡ್ಡು ತೆಗೆದುಕೊಂಡಿರಲಿ, ಬಟ್ಟೆ ಪುಕ್ಕಟೆ ಸಿಕ್ಕಿರಲಿ, ಪ್ರವಾಸ ಮಾಡಿಸಿರಲಿ, ಅದನ್ನು ಎದ್ದು ಕಾಣುವ ಹಾಗೆ ಹೇಳಬೇಕು. ಜನರ ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ 10 ಲಕ್ಷ ರೂಪಾಯಿ ತನಕ ದಂಡ. ಮತ್ತೆ ಮತ್ತೆ ಮಾಡಿದರೆ 50 ಲಕ್ಷದ ತನಕ.

ನಾವು ಮಾಡಬಹುದಾದದ್ದು

ಕಾನೂನು ಅಡುಗೆಮನೆಯ ತನಕ ಬರುವುದಿಲ್ಲ. ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದ ನಾಲ್ಕು ಮಾತು ಹೇಳುತ್ತೇನೆ.

1. ಫೋನು ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ನೋಡಿ. "ಆಡ್", "ಸ್ಪಾನ್ಸರ್ಡ್", "ಕೊಲಾಬರೇಷನ್", "ಪೇಯ್ಡ್ ಪಾರ್ಟ್‌ನರ್‌ಶಿಪ್" ಎಂಬ ಮಾತು ಎಲ್ಲಿದೆ ಎಂದು ಹುಡುಕಲು ಮಗಳಿಗೆ ಹೇಳಿ. ಸಣ್ಣಕ್ಷರದಲ್ಲಿ ಮೂಲೆಯಲ್ಲಿ ಇರುತ್ತದೆ. ನಮ್ಮವಳಿಗೆ ಇದು ಈಗ ಆಟವಾಗಿಬಿಟ್ಟಿದೆ.

2. ಫೋಟೋ ನೋಡಿದಾಗ ಮೂರು ಪ್ರಶ್ನೆ ಕೇಳಿ. ಇದನ್ನು ತೆಗೆದವರು ಯಾರು? ಇಂಥವು ಎಷ್ಟು ತೆಗೆದಿರಬಹುದು? ಬಟ್ಟೆಯ ದುಡ್ಡು ಕೊಟ್ಟವರು ಯಾರು?

3. ಮಕ್ಕಳ ಮೈಯ ಬಗ್ಗೆ ನಾಲ್ಕು ಜನರ ಎದುರು ತಮಾಷೆಗೂ ಮಾತಾಡಬೇಡಿ. ಅತ್ತೆ, ನಾದಿನಿ ಮಾತಾಡಿದರೂ ಅಲ್ಲೇ ತಡೆಯಿರಿ. ಇದು ನನಗೆ ಬಹಳ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ.

4. ಊಟ ಬಿಡುವುದು, ತಿಂದದ್ದನ್ನು ಬಚ್ಚಿಟ್ಟುಕೊಂಡು ಕಕ್ಕುವುದು, ತಲೆಸುತ್ತು, ಮುಟ್ಟು ನಿಲ್ಲುವುದು ಕಂಡರೆ "ವಯಸ್ಸಿನ ಹುಚ್ಚು" ಎಂದು ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಮನಸ್ಸಿನ ಕಷ್ಟಕ್ಕೆ 14416 ಸಂಖ್ಯೆಗೆ ಫೋನು ಮಾಡಬಹುದು. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಜಾಹೀರಾತು ನಂಬಿ ಮೋಸಹೋಗಿದ್ದರೆ ಗ್ರಾಹಕರ ಸಹಾಯವಾಣಿ 1915.

ಮಗಳನ್ನು ನಮ್ಮೂರಿನ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿಸಿದರು, ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ನನ್ನನ್ನು ಹೊರಗೆ ಕೂರಿಸಿ ಅವಳ ಹತ್ತಿರ ಅರ್ಧ ಗಂಟೆ ಮಾತಾಡಿದರು. ಏನು ಮಾತಾಡಿದರೋ ನಾನು ಕೇಳಿಲ್ಲ. ಎಲ್ಲ ಸರಿಹೋಯಿತು ಎಂದು ಬರೆದರೆ ಈ ಲೇಖನವೂ ಒಂದು ಚಂದದ ಫೋಟೋ ಆದೀತು. ಕೆಲವು ದಿನ ಚೆನ್ನಾಗಿ ತಿನ್ನುತ್ತಾಳೆ. ಕೆಲವು ದಿನ ಮತ್ತೆ ತಟ್ಟೆ ಸರಿಸುತ್ತಾಳೆ. ಆಗ ನಾನೂ ಊಟ ನಿಲ್ಲಿಸಿ ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ. ಆ ಲೆಕ್ಕದ ಚೀಟಿಯನ್ನು ಅವಳೇ ಒಲೆಗೆ ಹಾಕಿದಳು.

ಇನ್ನೊಂದು ಕೆಲಸ ನನ್ನದೇ ಬಾಕಿ ಇತ್ತು. ಮೊನ್ನೆ ಧೈರ್ಯ ಮಾಡಿ ಚಿಕ್ಕಮ್ಮನ ಮಗಳಿಗೆ ಫೋನು ಮಾಡಿದೆ. ಹಬ್ಬದ ದಿನದ ಜಗಳ, ಊದಿದ ಮುಖ, ಬಚ್ಚಲಿಗೆ ತಳ್ಳಿದ ಮುಸುರೆ, ಮಗಳ ಮೇಲೆ ಕೂಗಾಡಿದ್ದು, ಎಲ್ಲ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವಳು, "ಅಕ್ಕಾ, ಅವತ್ತು ನಮ್ಮನೇಲಿ ಏನಾಗಿತ್ತು ಗೊತ್ತಾ?" ಎಂದು ಶುರುಮಾಡಿದಳು. ಒಲೆಯ ಮೇಲಿನ ಸಾರು ಉಕ್ಕಿ ಸುರಿಯಿತು. ನಾವಿಬ್ಬರೂ ಮುಕ್ಕಾಲು ಗಂಟೆ ಮಾತಾಡಿದೆವು.